ವೀಣೆ, ಹಣ್ಣುನೊಣ ಮತ್ತು ‘ಬ್ಯಾಲೆನ್ಸ್’ ಎಂಬ ಬೊಗಳೆ

ತುಂಬ ದಿನಗಳಿಂದ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್, ಮನೆಗೆ ಬಂದರೆ ನಿದ್ದೆ. ಆದರೆ ಕಳೆದ ವಾರ ನಡೆದ ಒಂದು ಸಂಗತಿ ಸುಮ್ಮನೆ ಕೂರಲು ಬಿಡುತ್ತಿಲ್ಲ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಖಾರ ಜಾಸ್ತಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಕ್ಕ ವಿಜ್ಞಾನಿ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಣ್ಣುನೊಣಗಳ ಮೇಲೆ ಕೆಲಸ ಮಾಡುತ್ತಾಳೆ. ಸಂಸ್ಥೆಯ ಹೆಸರು ಬೇಡ, ಅವಳ ಹೆಸರೂ ಬೇಡ. ಅವಳು ವೀಣೆ ನುಡಿಸುತ್ತಾಳೆ. ಸಾಗರದಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಶುರು ಮಾಡಿದ್ದು, ಪಿಎಚ್‌ಡಿ ಮಾಡುವಾಗಲೂ ಬಿಟ್ಟಿರಲಿಲ್ಲ. ಕಳೆದ ವಾರ ಒಂದು ಕಾಲೇಜಿನವರು ಅವಳಿಗೆ ಫೋನ್ ಮಾಡಿ, ವಿದ್ಯಾರ್ಥಿನಿಯರಿಗಾಗಿ ಒಂದು ಭಾಷಣ ಮಾಡಬೇಕು ಅಂದರಂತೆ. ವಿಷಯ: ‘ಪ್ರಯೋಗಾಲಯ ಮತ್ತು ಹವ್ಯಾಸ - ಸಮತೋಲನ ಸಾಧಿಸುವುದು ಹೇಗೆ?’ ಕೊನೆಯಲ್ಲಿ ಹತ್ತು ನಿಮಿಷ ವೀಣೆಯನ್ನೂ ನುಡಿಸಿದರೆ ಚೆನ್ನಾಗಿರುತ್ತದೆ ಅಂತಲೂ ಸೇರಿಸಿದರಂತೆ.

ಅಕ್ಕ ರಾತ್ರಿ ನನಗೆ ಫೋನ್ ಮಾಡಿ ನಕ್ಕಳು. "ವೀಣೆ ಮುಟ್ಟಿ ಎಂಟು ತಿಂಗಳಾಯ್ತು ಕಣೋ. ನಾನು ಹೋಗಿ ಏನಂತ ಹೇಳ್ಲಿ?"

ಮರುದಿನ ಅವಳ ಮನೆಗೆ ಹೋಗಿದ್ದೆ. ಕಾಫಿ ಲೋಟ ಕೊಡುವಾಗ ಅವಳ ಎಡಗೈ ನೋಡಿದೆ. ವೀಣೆ ನುಡಿಸುವವರ ತೋರುಬೆರಳು ಮತ್ತು ನಡುಬೆರಳ ತುದಿಯಲ್ಲಿ ತಂತಿ ಒತ್ತಿ ಒತ್ತಿ ಒಂದು ಗೆರೆ ಬಿದ್ದಿರುತ್ತದೆ, ಗಟ್ಟಿಯಾಗಿ, ಸ್ವಲ್ಪ ಕಪ್ಪಗೆ. ಚಿಕ್ಕವನಿದ್ದಾಗ ಅದನ್ನು ಮುಟ್ಟಿ ನೋಡೋದು ನನಗೊಂದು ಆಟ. ಈಗ ಆ ಗೆರೆ ಇಲ್ಲ. ಬೆರಳು ನನ್ನ ಬೆರಳಿನ ಥರಾನೇ ಮೆತ್ತಗಾಗಿದೆ.

ಅಲ್ಲಿಂದ ಬಂದಾಗಿನಿಂದ ಈ ‘ಬ್ಯಾಲೆನ್ಸ್’ ಅನ್ನೋ ಪದ ಕೇಳಿದರೆ ಮೈಯೆಲ್ಲ ಉರಿಯುತ್ತಿದೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಂಡು ಬಿಡ್ತೀನಿ. ಎರಡು ವರ್ಷದ ಹಿಂದೆ ಅಕ್ಕ "ಟೈಮೇ ಸಾಲಲ್ಲ" ಅಂದಾಗ ನಾನೂ ಇದೇ ಬೊಗಳೆ ಬಿಟ್ಟಿದ್ದೆ. ಸಾಫ್ಟ್‌ವೇರ್ ಇಂಜಿನಿಯರ್ ಅಲ್ಲವೇ, ಒಂದು ಎಕ್ಸೆಲ್ ಶೀಟ್ ಮಾಡಿ ಕಳಿಸಿದ್ದೆ. ವಾರಕ್ಕೆ 168 ಗಂಟೆ. ನಿದ್ದೆಗೆ 56, ಲ್ಯಾಬಿಗೆ 60, ಓಡಾಟಕ್ಕೆ 12, ಮನೆಗೆಲಸ ಮತ್ತು ಮಗನಿಗೆ 21. ಕೂಡಿದರೆ 149. ಉಳಿದದ್ದು 19 ಗಂಟೆ! ಅದರಲ್ಲಿ ನಾಲ್ಕು ಗಂಟೆ ವೀಣೆಗೆ ಕೊಡೋಕಾಗಲ್ವಾ ಅಂತ ಹಸಿರು ಬಣ್ಣ ಬೇರೆ ಬಳಿದಿದ್ದೆ.

ಅಕ್ಕ ಅದನ್ನು ನೋಡಿ ಹೇಳಿದ್ದು ಇಷ್ಟು: "ನಿನ್ನ 19 ಗಂಟೆ ಎಲ್ಲಾ ಚಿಲ್ಲರೇಲಿದೆ ಕಣೋ. ಹತ್ತು ನಿಮಿಷ ಇಲ್ಲಿ, ಕಾಲು ಗಂಟೆ ಅಲ್ಲಿ. ಆ ಚಿಲ್ಲರೆ ತಗೊಂಡು ನೋಟು ಕೊಡೋ ಬ್ಯಾಂಕು ನಿಮ್ಮ ಭಾವನ ಹತ್ರಾನೂ ಇಲ್ಲ." (ಭಾವ ಬ್ಯಾಂಕಿನಲ್ಲಿ ಕೆಲಸ ಮಾಡ್ತಾರೆ.) "ಮತ್ತೆ, ನೊಣಕ್ಕೆ ನಿನ್ನ ಎಕ್ಸೆಲ್ ಓದೋಕೆ ಬರಲ್ಲ."

ಆಗ ನನಗೆ ಅರ್ಥ ಆಗಿರಲಿಲ್ಲ. ಒಂದು ಭಾನುವಾರ ಅವಳ ಜೊತೆ ಲ್ಯಾಬಿಗೆ ಹೋದ ಮೇಲೆ ಅರ್ಥ ಆಯಿತು. ನೀವೂ ಸ್ವಲ್ಪ ಕೇಳಿಸಿಕೊಳ್ಳಿ, ಏಕೆಂದರೆ ಸಮತೋಲನದ ಉಪದೇಶ ಮಾಡುವವರು ಯಾರೂ ಈ ಲೆಕ್ಕ ನೋಡಿರುವುದಿಲ್ಲ.

ಹಣ್ಣುನೊಣ ಅಂದರೆ ಮನೆಯಲ್ಲಿ ಬಾಳೆಹಣ್ಣು ಕಳಿತರೆ ಸುತ್ತ ಹಾರಾಡುತ್ತವಲ್ಲ, ಅಂಥ ಪುಟ್ಟ ನೊಣ. ಲ್ಯಾಬಿನಲ್ಲಿ ಅವನ್ನು ಬೆರಳುದ್ದದ ಸೀಸೆಗಳಲ್ಲಿ ಸಾಕುತ್ತಾರೆ. ತಳದಲ್ಲಿ ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಅಗರ್ ಹಾಕಿ ಕುದಿಸಿದ ಗಂಜಿ ಇರುತ್ತದೆ, ಬಾಯಿಗೆ ಹತ್ತಿ. 25 ಡಿಗ್ರಿಯಲ್ಲಿಟ್ಟರೆ ಮೊಟ್ಟೆ ನೊಣ ಆಗೋಕೆ ಸುಮಾರು ಹತ್ತು ದಿನ. ಪ್ರಯೋಗ ಅಂದರೆ ಹೆಚ್ಚಿನಂಶ ಈ ನೊಣಗಳಿಗೆ ಗಂಡು ಹೆಣ್ಣು ಗೊತ್ತು ಮಾಡುವ ಕೆಲಸ - ಇಂಥ ಜೀನ್ ಇರುವ ಹೆಣ್ಣಿಗೆ ಇಂಥ ಜೀನ್ ಇರುವ ಗಂಡು. ತೊಡಕು ಇರೋದು ಇಲ್ಲಿ. ಹೆಣ್ಣುನೊಣ ಗಂಡಿನ ವೀರ್ಯವನ್ನು ಹೊಟ್ಟೆಯಲ್ಲಿ ದಿನಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. ಒಮ್ಮೆ ಬೇರೆ ಗಂಡನ್ನು ಕೂಡಿಬಿಟ್ಟರೆ ಆಮೇಲೆ ಹುಟ್ಟಿದ ಮರಿ ಯಾರದ್ದು ಅಂತ ಹೇಳೋಕಾಗಲ್ಲ, ಪ್ರಯೋಗ ಕೆಟ್ಟ ಹಾಗೆಯೇ. ಕೋಶದಿಂದ ಹೊರಬಂದ ಹೆಣ್ಣು 25 ಡಿಗ್ರಿಯಲ್ಲಿ ಮೊದಲ ಎಂಟು ಗಂಟೆ ಗಂಡನ್ನು ಹತ್ತಿರ ಸೇರಿಸುವುದಿಲ್ಲ. ಆ ಎಂಟು ಗಂಟೆಯ ಒಳಗೆ ನೀವು ಹೋಗಿ, ಕಾರ್ಬನ್ ಡೈ ಆಕ್ಸೈಡ್ ಬಿಟ್ಟು ಅವನ್ನು ಮಲಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಚಿತ್ರ ಬಿಡಿಸುವ ಬ್ರಷ್ಷಿನ ತುದಿಯಿಂದ ಒಂದೊಂದನ್ನೇ ಬೇರೆ ಮಾಡಬೇಕು. ನೊಣಗಳು ಹೆಚ್ಚಾಗಿ ಹೊರಗೆ ಬರುವುದು ಬೆಳಗಿನ ಜಾವದಲ್ಲಿ. ಹಾಗಾಗಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ. ಭಾನುವಾರ, ದೀಪಾವಳಿ, ಯುಗಾದಿ ಅಂತ ನೊಣಕ್ಕೆ ಇಲ್ಲ.

ಆದರೆ ಇದಕ್ಕೊಂದು ಉಪಾಯ ಉಂಟು. ಸೀಸೆಯನ್ನು ರಾತ್ರಿ 18 ಡಿಗ್ರಿಯ ಪೆಟ್ಟಿಗೆಗೆ ವರ್ಗಾಯಿಸಿದರೆ ನೊಣದ ಬದುಕೇ ನಿಧಾನ ಆಗುತ್ತದೆ. ಬೆಳವಣಿಗೆಗೆ ಹತ್ತಿರ ಹತ್ತಿರ ಎರಡು ಪಟ್ಟು ಸಮಯ ಬೇಕು, ಎಂಟು ಗಂಟೆಯ ಗಡುವೂ ಹಾಗೆಯೇ ಹಿಗ್ಗುತ್ತದೆ. ಎಲ್ಲ ನೊಣದ ಲ್ಯಾಬುಗಳಲ್ಲೂ ಇದನ್ನು ಮಾಡುತ್ತಾರೆ. ಶನಿವಾರ ಮಧ್ಯಾಹ್ನ ಅಕ್ಕ ತನ್ನ ಸೀಸೆಗಳನ್ನೆಲ್ಲ 18ಕ್ಕೆ ಸಾಗಿಸಿ, ಸಂಜೆ ಐದಕ್ಕೆ ವೀಣೆಯ ಮೇಡಂ ಮನೆಗೆ ಹೋಗುತ್ತಿದ್ದಳು. ನೊಣಗಳಿಗೆ ಚಳಿ ಕೊಟ್ಟು ವೀಣೆಗೆ ಎರಡು ಗಂಟೆ ಗಳಿಸುತ್ತಿದ್ದಳು. ಇದಕ್ಕಿಂತ ಚೆನ್ನಾಗಿ ಯಾವ ಟೈಮ್ ಮ್ಯಾನೇಜ್‌ಮೆಂಟ್ ಗುರು ಹೇಳಿಕೊಡುತ್ತಾನೆ ಹೇಳಿ? ಸಮಯ ಹೊಂದಿಸುವುದು ಹೇಗೆ ಅಂತ ಅವಳಿಗೆ ನನ್ನ ನಿಮ್ಮ ಉಪದೇಶ ಬೇಕಾಗಿಯೇ ಇರಲಿಲ್ಲ.

ಹಾಗಾದರೆ ನಿಂತಿದ್ದು ಯಾಕೆ?

ಒಂದು ಸೋಮವಾರ ಲ್ಯಾಬ್ ಮೀಟಿಂಗಿನಲ್ಲಿ ಬಾಸ್ ಎಲ್ಲರ ಮುಂದೆ ಹೇಳಿದರಂತೆ, "ಶನಿವಾರ ಸಂಜೆ ಕಚೇರಿ ಕೊಡೋರಿಗೆಲ್ಲ ಈ ಫೀಲ್ಡ್ ಅಲ್ಲ" ಅಂತ. ಆ ವಾರ ಅವಳ ಯಾವ ಪ್ರಯೋಗವೂ ತಪ್ಪಿರಲಿಲ್ಲ, ಯಾವ ಡೇಟಾವೂ ಬಾಕಿ ಇರಲಿಲ್ಲ. ಶನಿವಾರ ಸಂಜೆ ಆರಕ್ಕೆ ಅವರು ಲ್ಯಾಬಿಗೆ ಬಂದಾಗ ಅವಳ ಕುರ್ಚಿ ಖಾಲಿ ಇತ್ತು, ಅಷ್ಟೇ. ಅದಾದ ಮೇಲೆ ಶನಿವಾರಗಳಲ್ಲಿ ಅವಳು ಕುರ್ಚಿಯಲ್ಲಿ ಇರಲು ಶುರು ಮಾಡಿದಳು. ಎಷ್ಟೋ ಸಲ ಕೆಲಸ ಇರಲಿಲ್ಲವಂತೆ. ಸುಮ್ಮನೆ ಕೂತು ಹಳೇ ಪೇಪರ್ ಓದುತ್ತಿದ್ದಳಂತೆ.

ಇನ್ನು ಮನೆ ಕಡೆಯದ್ದು ಕೇಳಿ. ಕಳೆದ ವರ್ಷ ದೊಡ್ಡಪ್ಪನ ಮಗನ ಗೃಹಪ್ರವೇಶದಲ್ಲಿ ಅಕ್ಕ ಎರಡು ಕೃತಿ ನುಡಿಸಿದಳು. ಊಟದ ಪಂಕ್ತಿಯಲ್ಲಿ ನೆಂಟರೊಬ್ಬರು, "ಅಲ್ವೇ, ಲ್ಯಾಬಿನಲ್ಲಿ ನಿಂಗೆ ಅಷ್ಟೊಂದು ಬಿಡುವು ಇರುತ್ತಾ? ಮಗು ಯಾರು ನೋಡ್ಕೋತಾರೆ?" ಅಂದರು. ಅದೇ ಪಂಕ್ತಿಯಲ್ಲಿ ನಾನೂ ಕೂತಿದ್ದೆ. ಹಿಂದಿನ ವಾರ ಕುಮಾರಪರ್ವತ ಹತ್ತಿ ಬಂದಿದ್ದೆ, ಫೋಟೋಗಳನ್ನು ಎಲ್ಲರಿಗೂ ತೋರಿಸುತ್ತಿದ್ದೆ. ಆಫೀಸಿನಲ್ಲಿ ನಿನಗೆ ಬಿಡುವು ಇರುತ್ತಾ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಭಾವ ಪ್ರತಿ ಭಾನುವಾರ ಬೆಳಿಗ್ಗೆ ಶಟಲ್ ಆಡುತ್ತಾರೆ. ಅವರನ್ನೂ ಯಾರೂ ಕೇಳಿಲ್ಲ. ಭಾವ ಒಳ್ಳೆಯವರು, ಆ ಬಗ್ಗೆ ಎರಡು ಮಾತಿಲ್ಲ. ಹೇಳಿದರೆ ಎಲ್ಲ ಕೆಲಸ ಮಾಡುತ್ತಾರೆ. ಏನು ಬಾಕಿ ಇದೆ ಅಂತ ನೆನಪಿಟ್ಟು ಹೇಳುವ ಕೆಲಸ ಮಾತ್ರ ಅಕ್ಕನದ್ದು.

ಈಗ ನನ್ನ ತಕರಾರಿಗೆ ಬರ್ತೀನಿ.

ಹವ್ಯಾಸ ಇರುವ ವಿಜ್ಞಾನಿಗಳ ಕಥೆ ನಮಗೆಲ್ಲ ಬಾಯಿಪಾಠ. ಐನ್‌ಸ್ಟೈನ್ ಪಿಟೀಲು, ಫೈನ್‌ಮನ್ ಬಾಂಗೋ, ಸತ್ಯೇಂದ್ರನಾಥ ಬೋಸ್ ಎಸ್ರಾಜ್. ನಮ್ಮ ತುಮಕೂರಿನ ರಾಜಾರಾಮಣ್ಣ 1974ರ ಪೋಖ್ರಾನ್ ಪರೀಕ್ಷೆಯ ಮುಂದಾಳುಗಳಲ್ಲಿ ಒಬ್ಬರು, ಜೊತೆಗೆ ಒಳ್ಳೆಯ ಪಿಯಾನೋ ವಾದಕರು. ರಾಗ ಪದ್ಧತಿ ಮತ್ತು ಪಾಶ್ಚಾತ್ಯ ಸಂಗೀತದ ರಚನೆಯ ಮೇಲೆ ಪುಸ್ತಕವನ್ನೇ ಬರೆದರು. ಬಿ.ಜಿ.ಎಲ್. ಸ್ವಾಮಿಯವರನ್ನು ನಮ್ಮ ಬ್ಲಾಗಿಗರಿಗೆ ಪರಿಚಯ ಮಾಡಿಕೊಡುವುದೇ ಬೇಡ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ, ಸಂಶೋಧನೆ ಮಾಡಿಕೊಂಡೇ ಕನ್ನಡದಲ್ಲಿ ಬರೆದರು, ಚಿತ್ರಗಳನ್ನು ತಾವೇ ಬಿಡಿಸಿದರು, ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇವರ ಬಗ್ಗೆ ಮಾತಾಡುವಾಗ ನಾವೇನು ಅನ್ನುತ್ತೇವೆ? ‘ಬಹುಮುಖ ಪ್ರತಿಭೆ’. ಅದೇ ಪಿಟೀಲನ್ನು ಮೂರನೇ ವರ್ಷದ ಪಿಎಚ್‌ಡಿ ಹುಡುಗ ನುಡಿಸಲಿ, ‘ಸೀರಿಯಸ್‌ನೆಸ್ ಇಲ್ಲ’. ನಿರ್ದೇಶಕರು ಹಾಡಿದರೆ ಸಂಸ್ಥೆಗೇ ಕಳೆ, ವಿದ್ಯಾರ್ಥಿನಿ ಹಾಡಿದರೆ ಮೈಗಳ್ಳತನ. ಹವ್ಯಾಸಕ್ಕೆ ಪರವಾನಗಿ ಸಿಗೋದು ಪ್ರಶಸ್ತಿ ಬಂದ ಮೇಲೆ. ಈ ಇಬ್ಬಂದಿತನಕ್ಕೆ ನನ್ನ ಮೊದಲ ಧಿಕ್ಕಾರ.

ಇನ್ನು ಹವ್ಯಾಸದ ಪರವಾಗಿ ಮಾತಾಡುವವರು ಇದ್ದಾರೆ. ಅವರ ಮೇಲೂ ನನಗೆ ಸಿಟ್ಟಿದೆ. ಅವರ ವಾದ ಹೀಗಿರುತ್ತದೆ: ಸಂಗೀತ ಕಲಿತರೆ ಮೆದುಳು ಚುರುಕಾಗುತ್ತದೆ, ಚಿತ್ರ ಬಿಡಿಸಿದರೆ ಹೊಸ ಐಡಿಯಾ ಹೊಳೆಯುತ್ತದೆ, ಆದ್ದರಿಂದ ಲ್ಯಾಬಿನವರಿಗೆ ಹವ್ಯಾಸ ಬೇಕು. ಇದಕ್ಕೆ ಅವರ ಬಳಿ ಪುರಾವೆಯೂ ಇದೆ. 2008ರಲ್ಲಿ ರಾಬರ್ಟ್ ರೂಟ್-ಬರ್ನ್‌ಸ್ಟೀನ್ ಮತ್ತು ಸಂಗಡಿಗರು ನೊಬೆಲ್ ವಿಜೇತರನ್ನು ಉಳಿದ ವಿಜ್ಞಾನಿಗಳ ಜೊತೆ ಹೋಲಿಸಿ ನೋಡಿದ್ದರು. ಕಲೆ, ಕುಸುರಿ ಕೆಲಸದ ಹವ್ಯಾಸಗಳು ನೊಬೆಲ್ ವಿಜೇತರಲ್ಲಿ ಎದ್ದು ಕಾಣುವಷ್ಟು ಹೆಚ್ಚಾಗಿದ್ದವು. ಫೈನ್‌ಮನ್ ಕಥೆ ಇದಕ್ಕೂ ಮುಂಚಿನಿಂದ ಓಡಾಡುತ್ತಿದೆ: ಕಾರ್ನೆಲ್‌ನ ಕ್ಯಾಂಟೀನಿನಲ್ಲಿ ಯಾರೋ ಮೇಲಕ್ಕೆಸೆದ ತಟ್ಟೆಯ ಓಲಾಟ ನೋಡಿ, ಬರೀ ಮಜಾಕ್ಕೆ ಅದರ ಲೆಕ್ಕ ಹಾಕುತ್ತಾ ಹೋದದ್ದು, ಮುಂದೆ 1965ರಲ್ಲಿ ನೊಬೆಲ್ ತಂದುಕೊಟ್ಟ ಕೆಲಸಕ್ಕೆ ದಾರಿಯಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ.

ಚೆನ್ನಾಗಿದೆ. ಆದರೆ ಆ ಅಂಕಿಅಂಶವನ್ನು ಇನ್ನೊಂದು ಕಡೆಯಿಂದಲೂ ಓದಬಹುದಲ್ಲ? ತನ್ನ ಸಮಯಕ್ಕೆ ತಾನೇ ಯಜಮಾನನಾಗಿದ್ದವನಿಗೆ ಒಳ್ಳೆಯ ವಿಜ್ಞಾನವೂ ಸಾಧ್ಯ ಆಯಿತು, ಪಿಟೀಲೂ ಸಾಧ್ಯ ಆಯಿತು ಅಂತ. ಪಿಟೀಲಿನಿಂದಲೇ ನೊಬೆಲ್ ಬಂತು ಅನ್ನೋದಕ್ಕೆ ಅದು ಸಾಕ್ಷಿ ಆಗಲ್ಲ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಹವ್ಯಾಸ ಲ್ಯಾಬಿಗೆ ಉಪಯೋಗ ಆಗುತ್ತೆ ಅಂತ ವಾದ ಮಾಡಿದ ಕೂಡಲೇ ಬಾಸ್ ಕೈಗೆ ನೀವೇ ಕೋಲು ಕೊಟ್ಟ ಹಾಗೆ. ನಾಳೆ ಅವರು ಕೇಳಬಹುದು, "ನಿನ್ನ ವೀಣೆಯಿಂದ ಎಷ್ಟು ಪೇಪರ್ ಬಂತು?" ಅಂತ. ಅಕ್ಕನ ವೀಣೆಯಿಂದ ಒಂದು ಪೇಪರೂ ಬಂದಿಲ್ಲ, ಬರೋದೂ ಬೇಡ. ಅವಳಿಗೆ ನುಡಿಸೋದು ಇಷ್ಟ. ಇಷ್ಟು ಕಾರಣ ಸಾಲದು ಅಂತ ಹೇಳೋಕೆ ನಾವು ಯಾರು?

ಸರ್ ಸಿ.ವಿ. ರಾಮನ್ ವಿಷಯ ಬಂದರೆ ಎರಡೂ ಬಣದವರು ಬಾಯಿ ಮುಚ್ಚಿಕೊಳ್ಳಬೇಕು. 1907ರಿಂದ 1917ರವರೆಗೆ ಹತ್ತು ವರ್ಷ ಅವರ ಕೆಲಸ ಏನಿತ್ತು? ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿ, ಲೆಕ್ಕಪತ್ರ ನೋಡುವ ಕೆಲಸ. ಕಲ್ಕತ್ತದಲ್ಲಿ ಇದ್ದಾಗೆಲ್ಲ ಬೆಳಿಗ್ಗೆ ಆಫೀಸಿಗೆ ಮುಂಚೆ, ಸಂಜೆ ಆಫೀಸು ಮುಗಿದ ಮೇಲೆ, ಬೌಬಜಾರ್ ರಸ್ತೆಯಲ್ಲಿದ್ದ ‘ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಶನ್ ಆಫ್ ಸೈನ್ಸ್’ನಲ್ಲಿ ಪ್ರಯೋಗ. ಅಂದರೆ ಅವರ ವಿಜ್ಞಾನವೇ ಹವ್ಯಾಸ! ಪಿಟೀಲಿನ ತಂತಿ ಹೇಗೆ ಕಂಪಿಸುತ್ತದೆ, ಮೃದಂಗದ ಕರಣೆಯಿಂದ ಅದಕ್ಕೆ ಸ್ವರದ ಗುಣ ಹೇಗೆ ಬರುತ್ತದೆ ಅಂತೆಲ್ಲ ನೋಡಿದವರು. 1917ರಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಿ ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಆ ಹತ್ತು ವರ್ಷ ಹಣಕಾಸು ಇಲಾಖೆಯ ಮೇಲಧಿಕಾರಿ ಯಾರಾದರೂ ಸಂಜೆ ಆರಕ್ಕೆ ಬಂದು "ರಾಮನ್ ಕುರ್ಚಿ ಯಾಕೆ ಖಾಲಿ?" ಅಂತ ಹಟ ಹಿಡಿದಿದ್ದರೆ, ಫೆಬ್ರವರಿ 28ಕ್ಕೆ ನಾವು ವಿಜ್ಞಾನ ದಿನ ಆಚರಿಸುತ್ತಿರಲಿಲ್ಲವೇನೋ.

ಆದರೆ ಇಲ್ಲೂ ಒಂದು ಪ್ರಶ್ನೆ ಉಳಿಯುತ್ತದೆ. ಬೆಳಿಗ್ಗೆ ಪ್ರಯೋಗ, ಹಗಲು ಆಫೀಸು, ರಾತ್ರಿ ಮತ್ತೆ ಪ್ರಯೋಗ ಮಾಡುವ ಮನುಷ್ಯನ ಮನೆಯಲ್ಲಿ ಅಡುಗೆ, ನೆಂಟರು, ಸಂಸಾರ ನೋಡಿಕೊಂಡವರು ಯಾರು? ಲೋಕಸುಂದರಿ ಅಮ್ಮಾಳ್. ರಾಮನ್ ಅವರ ತಕ್ಕಡಿ ನೆಟ್ಟಗೆ ನಿಂತಿದ್ದಕ್ಕೆ ಕೆಳಗಿನಿಂದ ಇನ್ನೊಂದು ಕೈ ಇತ್ತು.

ಈ ಕೆಳಗಿನ ಕೈಯ ಕಥೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗೋದು ಹರ್ಷೆಲ್ ಅಣ್ಣ-ತಂಗಿಯ ಬದುಕಿನಲ್ಲಿ. ಓದಿದ ಮೇಲೆ ನನಗಂತೂ ನಿದ್ದೆ ಬರಲಿಲ್ಲ.

ವಿಲಿಯಂ ಹರ್ಷೆಲ್ ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ ಸಂಗೀತಗಾರ. ಚಾಪೆಲಿನಲ್ಲಿ ಆರ್ಗನ್ ನುಡಿಸುವುದು, ಪಾಠ ಹೇಳುವುದು, ಕಚೇರಿ ನಡೆಸುವುದು ಹೊಟ್ಟೆಪಾಡು. ನಕ್ಷತ್ರ ನೋಡುವುದು ಹವ್ಯಾಸ. ಕೊಂಡ ದೂರದರ್ಶಕ ಸಾಲದೆ ಕನ್ನಡಿಗಳನ್ನು ತಾನೇ ಎರಕ ಹೊಯ್ದು ತಿಕ್ಕಲು ಶುರು ಮಾಡಿದ. 1772ರಲ್ಲಿ ತಂಗಿ ಕೆರೊಲಿನ್ ಜರ್ಮನಿಯ ಹ್ಯಾನೋವರ್‌ನಿಂದ ಅಣ್ಣನ ಮನೆಗೆ ಬಂದಳು, ಹಾಡು ಕಲಿಯೋಕೆ. ಕಲಿತಳು ಕೂಡ. ಅಣ್ಣ ನಡೆಸುತ್ತಿದ್ದ ಕಚೇರಿಗಳಲ್ಲಿ ಮುಖ್ಯ ಗಾಯಕಿಯಾದಳು. ಬರ್ಮಿಂಗ್‌ಹ್ಯಾಮ್‌ನಿಂದ ಹಾಡುವುದಕ್ಕೆ ಕರೆ ಬಂತು, ಅಣ್ಣನಿಲ್ಲದ ಕಡೆ ಹಾಡಲಾರೆ ಅಂತ ಬೇಡ ಅಂದಳು. ಅಷ್ಟರಲ್ಲಿ ಅಣ್ಣನ ಹವ್ಯಾಸ ಮನೆಯನ್ನೇ ಆವರಿಸಿಕೊಂಡಿತ್ತು. ಕೋಣೆ ಕೋಣೆಯೂ ಕಾರ್ಖಾನೆ. ಒಂದು ಸಲ ಕನ್ನಡಿಯಿಂದ ಕೈ ತೆಗೆಯದೆ ಹದಿನಾರು ಗಂಟೆ ತಿಕ್ಕಿದನಂತೆ, ತಂಗಿ ಪಕ್ಕದಲ್ಲಿ ನಿಂತು ಬಾಯಿಗೆ ತುತ್ತು ಇಟ್ಟಳಂತೆ. ಇದನ್ನು ಅವಳೇ ಬರೆದಿಟ್ಟಿದ್ದಾಳೆ.

1781ರ ಮಾರ್ಚ್ 13ರಂದು ವಿಲಿಯಂ ಯುರೇನಸ್ ಕಂಡುಹಿಡಿದ. ಮರುವರ್ಷ ರಾಜ ಮೂರನೇ ಜಾರ್ಜ್ ವರ್ಷಕ್ಕೆ 200 ಪೌಂಡು ಸಂಬಳ ಗೊತ್ತು ಮಾಡಿದ. ಅಣ್ಣ ಸಂಗೀತದ ಉದ್ಯೋಗ ಬಿಟ್ಟು ಹವ್ಯಾಸವನ್ನೇ ಉದ್ಯೋಗ ಮಾಡಿಕೊಂಡ. ಅವನ ಜೊತೆಗೇ ತಂಗಿಯ ಹಾಡೂ ನಿಂತುಹೋಯಿತು. ಅವಳು ರಾತ್ರಿಯೆಲ್ಲ ಚಳಿಯಲ್ಲಿ ಕೂತು ಅಣ್ಣ ಕೂಗಿ ಹೇಳಿದ್ದನ್ನು ಬರೆದುಕೊಂಡಳು, ಹಗಲು ಲೆಕ್ಕ ಹಾಕಿದಳು. ಬಿಡುವು ಸಿಕ್ಕಾಗ ತಾನೇ ಆಕಾಶ ನೋಡಿ 1786ರಿಂದ 1797ರೊಳಗೆ ಎಂಟು ಧೂಮಕೇತು ಕಂಡುಹಿಡಿದಳು. 1787ರಲ್ಲಿ ಅವಳಿಗೂ ವರ್ಷಕ್ಕೆ 50 ಪೌಂಡು ಸಂಬಳ ಆಯಿತು. ದೊಡ್ಡ ಹೆಸರು ಬಂತು, 97 ವರ್ಷ ಬದುಕಿದಳು, ಎಲ್ಲ ಸರಿ. ಆದರೆ ಅಣ್ಣ ಎರಡರಲ್ಲಿ ತನಗೆ ಬೇಕಾದದ್ದನ್ನು ಆರಿಸಿಕೊಂಡ. ತಂಗಿಗೆ ಹಾಡು ಬೇಕಾ ಆಕಾಶ ಬೇಕಾ ಅಂತ ಆ ಮನೆಯಲ್ಲಿ ಕೇಳಿದವರು ಇದ್ದ ಹಾಗಿಲ್ಲ.

ಇಂಥ ಅಣ್ಣನನ್ನು ತೋರಿಸಿ ‘ವಿಜ್ಞಾನಿಗೂ ಹವ್ಯಾಸ ಇರಬೇಕು ನೋಡಿ’ ಅಂತ ಭಾಷಣ ಮಾಡೋದು ಸುಲಭ. ತಂಗಿಯ ಕಡೆಯಿಂದ ಆ ಕಥೆ ಹೇಳೋಕೆ ಮಾತ್ರ ಯಾವ ಕಾಲೇಜಿನವರೂ ಕರೆಯುವುದಿಲ್ಲ.

ಈಗ ಎದುರುವಾದಗಳು. ಬರುತ್ತವೆ ಅಂತ ಗೊತ್ತು, ಮೊದಲೇ ಹೇಳಿಬಿಡ್ತೀನಿ.

‘ಸ್ಪರ್ಧೆ ಜೋರಿದೆ, ನೀನು ಮನೆಗೆ ಹೋದರೆ ಇನ್ನೊಂದು ಲ್ಯಾಬಿನವರು ಮೊದಲು ಪೇಪರ್ ಹಾಕಿಬಿಡ್ತಾರೆ.’ ಹಾಕಬಹುದು. ಅಮೆರಿಕದ ಕ್ಯಾಲ್‌ಟೆಕ್‌ನ ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರು 1996ರಲ್ಲಿ ತಮ್ಮ ಲ್ಯಾಬಿನವನೊಬ್ಬನಿಗೆ ಬರೆದ ಪತ್ರ ಬಹಳ ಪ್ರಸಿದ್ಧ. ಸಂಜೆ, ಶನಿವಾರ, ಭಾನುವಾರ ಎಲ್ಲ ಕೆಲಸ ಮಾಡಬೇಕು, ಇಲ್ಲದಿದ್ದರೆ ಜಾಗ ಖಾಲಿ ಮಾಡಬೇಕಾದೀತು ಅನ್ನೋದು ಅದರ ತಾತ್ಪರ್ಯ. ಆದರೆ ದಣಿದ ಕೈ ಏನು ಮಾಡುತ್ತದೆ ಅಂತ ಗೊತ್ತಾ? ಶನಿವಾರದ ವೀಣೆ ಬಿಟ್ಟು ಎರಡು ತಿಂಗಳಾದ ಮೇಲೆ, ಒಂದು ರಾತ್ರಿ ಒಂದು ಗಂಟೆಗೆ ಅಕ್ಕ ಎರಡು ಸೀಸೆಗಳ ಚೀಟಿ ಅದಲು ಬದಲು ಮಾಡಿದಳು. ಗೊತ್ತಾದದ್ದು ಮೂರು ತಲೆಮಾರು ದಾಟಿದ ಮೇಲೆ. ತಲೆಮಾರಿಗೆ ಹತ್ತು ದಿನ, ಒಂದು ತಿಂಗಳ ಕೆಲಸ ಕಸದ ಬುಟ್ಟಿಗೆ. ವಾರಕ್ಕೆ ಎರಡು ಗಂಟೆ ಉಳಿಸಿ ಒಂದು ತಿಂಗಳು ಕಳೆಯೋದು ಯಾವ ಲೆಕ್ಕ ಸ್ವಾಮಿ? ನಮ್ಮ ಸಾಫ್ಟ್‌ವೇರಿನಲ್ಲೂ ಅಷ್ಟೇ, ರಾತ್ರಿ ಎರಡಕ್ಕೆ ಮಾಡಿದ ಡಿಪ್ಲಾಯ್‌ಮೆಂಟ್ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಮಾಡಿದವರಿಗೇ ಗೊತ್ತು :-)

ತಮಾಷೆ ನೋಡಿ. 2017ರ ವೈದ್ಯಕೀಯ ನೊಬೆಲ್ ಬಂದದ್ದು ದೇಹದೊಳಗಿನ ಗಡಿಯಾರ ಹೇಗೆ ನಡೆಯುತ್ತದೆ ಅಂತ ತೋರಿಸಿದ್ದಕ್ಕೆ. ಆ ಗಡಿಯಾರದ ಗುಟ್ಟು ಹೇಳಿಕೊಟ್ಟದ್ದು ಇದೇ ಹಣ್ಣುನೊಣ. ಜೀವಿಗೆ ಹಗಲು ರಾತ್ರಿಯ ಲಯ ಇದೆ ಅಂತ ನೊಣದಿಂದ ಕಲಿತ ಮೇಲೂ, ನೊಣದ ಲ್ಯಾಬಿನವರೇ ರಾತ್ರಿ ಒಂದು ಗಂಟೆಗೆ ಕಣ್ಣುಜ್ಜಿಕೊಂಡು ಕೂರಬೇಕು ಅಂತೀವಲ್ಲ!

‘ಜನರ ತೆರಿಗೆ ದುಡ್ಡು ತಿಂತಾರೆ, ದುಡೀಲಿ.’ ಇದನ್ನು ಹೇಳುವವರು ಸಾಮಾನ್ಯವಾಗಿ ನನ್ನ ಹಾಗೆ ಖಾಸಗಿ ಕಂಪನಿಯವರು. 2023ರ ಜನವರಿಯಿಂದ ಜೂನಿಯರ್ ರಿಸರ್ಚ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ ಆಗಿದೆ, ಮನೆಬಾಡಿಗೆ ಭತ್ಯೆ ಬೇರೆ. ನೆಟ್ ಪರೀಕ್ಷೆ ಪಾಸಾಗಿ ಬಂದವರ ಕಥೆ ಇದು. ಆ ದುಡ್ಡಿಗೆ ಒಬ್ಬರ ಎಲ್ಲ ಶನಿವಾರಗಳನ್ನೂ ಕೊಂಡುಕೊಂಡಿದ್ದೇವೆ ಅಂತ ತಿಳಿಯೋದು ನಾಚಿಕೆಗೇಡು. 2019ರಲ್ಲಿ ‘ನೇಚರ್’ ಪತ್ರಿಕೆ ಪ್ರಪಂಚದ ಆರು ಸಾವಿರಕ್ಕೂ ಹೆಚ್ಚು ಪಿಎಚ್‌ಡಿ ವಿದ್ಯಾರ್ಥಿಗಳನ್ನು ಮಾತಾಡಿಸಿತ್ತು. ಪಿಎಚ್‌ಡಿಯಿಂದಾಗಿ ಉಂಟಾದ ಆತಂಕ, ಖಿನ್ನತೆಗೆ ನೆರವು ಹುಡುಕಿಕೊಂಡು ಹೋದೆವು ಅಂದವರು ನೂರಕ್ಕೆ 36. ಇವರಿಗೆ ‘ಹವ್ಯಾಸ ಬೆಳೆಸಿಕೊಳ್ಳಿ’ ಅಂತ ಪೋಸ್ಟರ್ ಅಂಟಿಸಿ ಶನಿವಾರ ಹಾಜರಿ ನೋಡುವ ಸಂಸ್ಥೆಗಳು ಎಷ್ಟಿಲ್ಲ?

‘ಮೊದಲು ಪಿಎಚ್‌ಡಿ ಮುಗೀಲಿ, ಕೆಲಸ ಖಾಯಂ ಆಗಲಿ, ಆಮೇಲೆ ಬೇಕಾದಷ್ಟು ನುಡಿಸಬಹುದು.’ ಇದು ನಮ್ಮಮ್ಮನ ವಾದ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾಳೆ. ಅಮ್ಮನಿಗೆ ನಾನು ಹೇಳಿದ್ದು ಡಾರ್ವಿನ್ ಕಥೆ. 1876ರಲ್ಲಿ ಮುದುಕನಾಗಿ ಆತ್ಮಕಥೆ ಬರೆಯುವಾಗ ಅವನು ಕೊರಗಿದ್ದು ಇದನ್ನೇ. ಮೂವತ್ತರವರೆಗೆ ಕಾವ್ಯ ಅಂದರೆ ಪ್ರಾಣ, ಆಮೇಲೆ ಓದೋಕೇ ಆಗಲಿಲ್ಲ, ಸಂಗೀತದ ರುಚಿಯೂ ಹೆಚ್ಚುಕಡಿಮೆ ಹೋಯಿತು. ಇನ್ನೊಮ್ಮೆ ಬದುಕೋಕೆ ಸಿಕ್ಕಿದ್ದರೆ ವಾರಕ್ಕೊಮ್ಮೆಯಾದರೂ ಕಾವ್ಯ ಓದಿ ಸಂಗೀತ ಕೇಳುವ ನಿಯಮ ಇಟ್ಟುಕೊಳ್ಳುತ್ತಿದ್ದೆ ಅಂದ. ಅವನಿಗೆ ಬಾಸ್ ಇರಲಿಲ್ಲ, ದುಡ್ಡಿನ ಕಷ್ಟ ಇರಲಿಲ್ಲ. ಅಂಥವನಿಗೇ ಆಮೇಲೆ ಅನ್ನೋದು ಬರಲಿಲ್ಲ. ಬೆರಳಿನ ಗೆರೆ ಹೋಗೋಕೆ ಎಂಟು ತಿಂಗಳು ಸಾಕು ಅಂತ ನಾನೇ ಕಣ್ಣಾರೆ ನೋಡಿದ್ದೇನೆ.

ಅಕ್ಕನ ಬಾಸ್ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಅನ್ಯಾಯ. ಅವರು ರಾಕ್ಷಸರಲ್ಲ. ಗ್ರ್ಯಾಂಟ್ ಮುಗಿಯುತ್ತಾ ಬಂದಿದೆ, ಪೇಪರ್ ಬರದಿದ್ದರೆ ಮುಂದಿನ ಗ್ರ್ಯಾಂಟ್ ಇಲ್ಲ. ಅವರೂ ಒಂದು ಕಾಲದಲ್ಲಿ ಚಿತ್ರ ಬಿಡಿಸುತ್ತಿದ್ದರಂತೆ, ಬಿಟ್ಟು ಇಪ್ಪತ್ತು ವರ್ಷ ಆಯಿತಂತೆ. ಅಕ್ಕ ಇದನ್ನು ಹೇಳಿದಾಗ ನನಗೆ ಅವರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಹಾಗೇ ಇದೆ. ನಾನು ಕಳಕೊಂಡಿದ್ದೇನೆ, ನೀನೂ ಕಳಕೊ ಅನ್ನೋದು ಹಾಸ್ಟೆಲ್ ರ‍್ಯಾಗಿಂಗ್ ನ್ಯಾಯ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಅದನ್ನು ಬೇಕಾದಷ್ಟು ನೋಡಿದ್ದೇನೆ.

ಹಾಗಾದರೆ ಏನು ಮಾಡಬೇಕು ಅಂತೀರಾ? ದೊಡ್ಡ ಕ್ರಾಂತಿ ಏನೂ ಬೇಡ. ಭಾನುವಾರದ ನೊಣ ನೋಡುವ ಕೆಲಸವನ್ನು ಲ್ಯಾಬಿನವರೆಲ್ಲ ಪಾಳಿ ಹಾಕಿಕೊಂಡು ಮಾಡಬಹುದು. ಐದು ಜನ ಇದ್ದರೆ ಐದು ವಾರಕ್ಕೊಂದು ಭಾನುವಾರ ಬೀಳುತ್ತದೆ. ಎಷ್ಟೋ ಲ್ಯಾಬುಗಳಲ್ಲಿ ಇದು ನಡೆಯುತ್ತಲೇ ಇದೆ. ಮೀಟಿಂಗನ್ನು ಒಂದು ವಾರ ಮುಂಚೆ ಹೇಳಬಹುದು. ಕುರ್ಚಿ ನೋಡುವ ಬದಲು ನೋಟ್‌ಬುಕ್ ನೋಡಬಹುದು. ಮನೆಯಲ್ಲಿ, ಹೆಂಗಸು ವಾದ್ಯ ಎತ್ತಿಕೊಂಡರೆ "ಮಗು ಯಾರು ನೋಡ್ಕೋತಾರೆ" ಅಂತ ಕೇಳುವ ಮೊದಲು, ಪಕ್ಕದಲ್ಲಿ ಕಾಲು ಚಾಚಿ ಕೂತ ಗಂಡಸನ್ನು ಒಮ್ಮೆ ನೋಡಬಹುದು. ಕಾಲೇಜಿನವರು ‘ಸಮತೋಲನ ಹೇಗೆ’ ಅಂತ ದುಡಿಯುವವರನ್ನು ಕೇಳುವ ಬದಲು, ಅವರ ಗಂಟೆಗಳ ಮೇಲೆ ಕೈ ಇಟ್ಟವರನ್ನು ಕರೆದು ಭಾಷಣ ಮಾಡಿಸಲಿ. ವಿಷಯ: ‘ಶನಿವಾರ ಸಂಜೆ ನಾನು ಬೇರೆಯವರ ಕುರ್ಚಿ ಯಾಕೆ ನೋಡುತ್ತೇನೆ?’

ನನ್ನ ಪಾಲಿನದ್ದೂ ಹೇಳಿಬಿಡ್ತೀನಿ. ಎಕ್ಸೆಲ್ ಶೀಟ್ ಡಿಲೀಟ್ ಮಾಡಿದೆ. ಕಳೆದ ಶನಿವಾರದಿಂದ ಸಂಜೆ ನಾಲ್ಕೂವರೆಯಿಂದ ಏಳೂವರೆ ತನಕ ಅಳಿಯ ನನ್ನ ಜೊತೆ. ಪಾರ್ಕು, ಪಾನಿಪುರಿ, ಸೈಕಲ್ಲು. ಇದರಲ್ಲಿ ತ್ಯಾಗ ಏನೂ ಇಲ್ಲ, ಐದು ವರ್ಷದಿಂದ ಮಾಡಬೇಕಾಗಿದ್ದ ಕೆಲಸ. ಭಾವನಿಗೆ ಫೋನ್ ಮಾಡಿ, "ಅಕ್ಕ ಹೇಳೋ ತನಕ ಕಾಯಬೇಡಿ ಭಾವ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ ಮಾರಾಯ" ಅಂದರು. ಈ ಬ್ಲಾಗನ್ನೂ ಓದುತ್ತಾರೆ, ಇವತ್ತು ರಾತ್ರಿ ನನಗೆ ಇದೆ.

ಅಕ್ಕ ಕಾಲೇಜಿನವರಿಗೆ ಬರಲಾರೆ ಅಂದಳಂತೆ. ಬಾಸ್ ಜೊತೆ ಇನ್ನೂ ಮಾತಾಡಿಲ್ಲ. ಮಾತಾಡ್ತಾಳೋ ಇಲ್ಲವೋ ಗೊತ್ತಿಲ್ಲ. ಮುಂದಿನ ಕೆಲಸಕ್ಕೆ ಅವರ ಪತ್ರ ಬೇಕು, ನಾನು ಧೈರ್ಯ ಹೇಳಿದಷ್ಟು ಸುಲಭ ಅಲ್ಲ ಅದು. ಕಳೆದ ಶನಿವಾರ ಏಳೂವರೆಗೆ ಅಳಿಯನನ್ನು ಬಿಡೋಕೆ ಹೋದಾಗ ವೀಣೆ ಗವಸಿನಿಂದ ಹೊರಗೆ ಬಂದಿತ್ತು. ನುಡಿಸಲಿಲ್ಲವಂತೆ. ಶ್ರುತಿ ಮಾಡೋದ್ರಲ್ಲೇ ಹೊತ್ತು ಹೋಯ್ತು, ಬೆರಳು ಉರಿಯುತ್ತಿದೆ ಅಂದಳು.

ಇದನ್ನು ಓದುವ ನಾವೆಲ್ಲ ಬ್ಲಾಗಿಗರೂ ಯಾವುದೋ ಕೆಲಸದ ಮಧ್ಯೆ ಕದ್ದು ಬರೆಯುವವರೇ. ನಮಗೆ ಈ ಹೊಟ್ಟೆಯುರಿ ಗೊತ್ತು. ನಿಮ್ಮಲ್ಲಿ ಲ್ಯಾಬಿನವರು, ಲ್ಯಾಬ್ ನಡೆಸುವವರು ಇದ್ದರೆ ಬರೆಯಿರಿ. ನಾನು ಹೇಳಿದ್ದು ತಪ್ಪು ಅನ್ನಿಸಿದರೆ ಬೈಯಿರಿ, ಉತ್ತರ ಕೊಡ್ತೀನಿ. ಶನಿವಾರ ಸಂಜೆ ಮಾತ್ರ ಸಿಗಲ್ಲ, ಪಾನಿಪುರಿ ಡ್ಯೂಟಿ ಇದೆ.